ಕರುಳು ಕಟ್ಟಿದಾಗ

ಕನ್ನಡದಲ್ಲಿ ಕರುಳಿಗೆ ಇರುವ ಮರ್ಯಾದೆ ಬೇರೆ ಯಾವ ಅವಯವಕ್ಕೂ ಇದ್ದಂತೆ ನಮಗೆ ತೋರುವುದಿಲ್ಲ. ತಾಯಿಯ ಪ್ರೀತಿಗೆ ಹೆತ್ತ ಕರುಳೆನ್ನುತ್ತೇವೆ; ಮಗುವನ್ನು ಕರುಳ ಕುಡಿ ಎನ್ನುತ್ತೇವೆ; ಪರರ ಕಷ್ಟ ಕಂಡರೆ ನಮ್ಮ ಕರುಳು ಚುರ್ರೆನ್ನುತ್ತದೆ. ಇಷ್ಟೆಲ್ಲ ಭಾವದ ಭಾರ ಹೊತ್ತ ಈ ಅಂಗವು ಹೊಟ್ಟೆಯೊಳಗೆ ನಿಜವಾಗಿ ಮಾಡುವ ಕೆಲಸವೇನು, ಒಂದು ದಿನ ಅದು ಆ ಕೆಲಸವನ್ನು ನಿಲ್ಲಿಸಿಬಿಟ್ಟರೆ ಆಗುವುದೇನು ಎಂಬುದನ್ನು ಮಾತ್ರ ನಾಲ್ಕು ಜನರ ಮುಂದೆ ಆಡಲು ನಾಚುತ್ತೇವೆ. ನಾವೂ ಹಾಗೆ ನಾಚುವವರೇ ಆಗಿದ್ದೆವು. 2017ನೆಯ ಇಸವಿಯ ಆಷಾಢದಲ್ಲಿ ಕೋಪರಿಯ ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿದರೆ, ಈಗ ಏಕೆ ನಾಚುವುದಿಲ್ಲವೆಂಬುದು ವಾಚಕರಿಗೆ ತಿಳಿದೀತು.

ಆ ಶನಿವಾರ ರಾತ್ರಿ ನಮ್ಮ ಅವ್ವ ಊಟವಾದ ಒಂದು ತಾಸಿಗೆ ಹೊಟ್ಟೆ ಹಿಡಿದುಕೊಂಡು ಕುಳಿತಳು. ನೋವು ಹೊಕ್ಕುಳ ಸುತ್ತ ಹುಟ್ಟಿ, ಏರಿ, ಹಿಂಡಿ, ಇಳಿದುಹೋಗುವುದು, ಐದು ನಿಮಿಷ ಏನೂ ಇಲ್ಲ, ಮತ್ತೆ ಬರುವುದು. ನೋವಿಲ್ಲದ ಆ ಐದು ನಿಮಿಷಗಳಲ್ಲಿ ಆಕೆ ಎಂದಿನಂತೆ ಜಪಮಾಲೆ ಎಣಿಸುವುದನ್ನು ಕಂಡು, ಇದು ದೊಡ್ಡದೇನಲ್ಲವೆಂದು ನಾವು ತೀರ್ಮಾನಿಸಿದೆವು. "ಗ್ಯಾಸ್ ಆಗೇದೋ, ಏನೂ ಇಲ್ಲ, ನೀವು ಮಲಕೋರಿ" ಎಂದು ಆಕೆಯೂ ಅಂದಳು. ಅಜವಾನ ಅಗಿಯಲು ಕೊಟ್ಟೆವು. ಹೊಕ್ಕುಳಿಗೆ ಇಂಗು ತೇಯ್ದು ಹಚ್ಚಿದೆವು. ನೆರೆಮನೆಯ ಮರಾಠಿ ತಾಯಿ ಸೋಡಾ ತಂದುಕೊಟ್ಟರು.

ಭಾನುವಾರ ಬೆಳಿಗ್ಗೆ ಆಕೆಗೆ ಒಂದು ಸಲ ಹೊರಕಡೆಗೆ ಆಯಿತು. ಅಲ್ಲಿಗೆ ನಮ್ಮ ಧೈರ್ಯ ದುಪ್ಪಟ್ಟಾಯಿತು. ಹೊಟ್ಟೆಯಲ್ಲಿ ಉಳಿದುದೂ ಇಳಿದುಹೋಗಲಿ ಎಂದು, ಮನೆಯಲ್ಲಿ ಪರಂಪರೆಯಿಂದ ಬಂದ ಔಡಲೆಣ್ಣೆಯ ಶೀಸೆಯನ್ನು ಕಪಾಟಿನಿಂದ ತೆಗೆದು, ಎರಡು ಚಮಚೆಯನ್ನು ಬಿಸಿ ಚಹಾದಲ್ಲಿ ಕಲಸಿ ಕೊಟ್ಟವರು ಸ್ವತಃ ನಾವೇ. ಬಾಲ್ಯದಲ್ಲಿ ನಮ್ಮ ಮೂಗು ಹಿಡಿದು ಅದೇ ಎಣ್ಣೆಯನ್ನು ಕುಡಿಸಿದ ಅವ್ವನಿಗೆ ಅದನ್ನು ತಿರುಗಿ ಕುಡಿಸುವಾಗ ಮನೆಯಲ್ಲಿ ಸ್ವಲ್ಪ ನಗೆಯೂ ಆಯಿತು. ಒಂದು ತಾಸಿನೊಳಗೆ ನಗೆ ನಿಂತಿತು. ನೋವು ಎರಡು ಪಟ್ಟಾಯಿತು. ಮೊದಲು ಉಂಡದ್ದು ವಾಂತಿಯಾಯಿತು, ಆಮೇಲೆ ಹಸಿರು ನೀರು, ರಾತ್ರಿಯ ಹೊತ್ತಿಗೆ ಕಂದು ಬಣ್ಣದ, ಹೇಸಿಗೆಯ ವಾಸನೆಯ ನೀರು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಭಾನುವಾರವಾದ್ದರಿಂದ ನಮ್ಮ ಪರಿಚಯದ ಡಾಕ್ಟರರ ದವಾಖಾನೆ ಮುಚ್ಚಿತ್ತು. ದೊಡ್ಡ ಆಸ್ಪತ್ರೆಗೆ ಹೋಗೋಣವೆಂದರೆ, "ನಾಳೆ ನೋಡೋಣ" ಎಂಬ ಮಾತು ಆಕೆಯ ಬಾಯಿಂದಲೂ ನಮ್ಮ ಬಾಯಿಂದಲೂ ಒಟ್ಟಿಗೇ ಬಂತು.

ಸೋಮವಾರ ಬೆಳಿಗ್ಗೆ ಡಾಕ್ಟರರು ಮನೆಗೆ ಬಂದರು. ಹೊಟ್ಟೆಯನ್ನು ಮುಟ್ಟುವ ಮೊದಲು ಅದನ್ನು ನೋಡಿದರು. ಹೊಕ್ಕುಳ ಕೆಳಗೆ ಒಂದು ಹಳೆಯ ಗಾಯದ ಗೆರೆ. 1989ರಲ್ಲಿ ಹುಬ್ಬಳ್ಳಿಯಲ್ಲಿ ಗರ್ಭಚೀಲ ತೆಗೆಸಿದಾಗಿನ ಗೆರೆ ಅದು. ಇಪ್ಪತ್ತೆಂಟು ವರ್ಷದ ಆ ಸಂಗತಿ ನಮ್ಮ ನೆನಪಿನಲ್ಲಿಯೇ ಇರಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಆಜಿ, ಗಾಳಿ ಹೋಗಿ ಎಷ್ಟು ಹೊತ್ತಾಯಿತು?" ಅವ್ವ ಗೋಡೆಯ ಕಡೆಗೆ ಮುಖ ತಿರುಗಿಸಿ, ಶನಿವಾರ ಸಂಜೆಯಿಂದ ಇಲ್ಲವೆಂದಳು. ಇದನ್ನು ನಮಗೆ ಏಕೆ ಹೇಳಲಿಲ್ಲವೆಂದು ಕೇಳಿದರೆ, "ಮಗನ ಮುಂದ ಅದನ್ನ ಹೆಂಗ ಹೇಳಲೋ" ಎಂದಳು.

ಕೋಪರಿಯಲ್ಲಿ ಇದ್ದವರಿಗೆ ಆ ಕಾಲದ ನಮ್ಮ ರೈಲುಸೇತುವೆಯನ್ನು ವರ್ಣಿಸಬೇಕಾಗಿಲ್ಲ. ಮುಂಬಯಿಯಿಂದ ಎಂಟು ಸಾಲಾಗಿ ಬರುವ ಪೂರ್ವ ಹೆದ್ದಾರಿ ನಮ್ಮ ಸೇತುವೆಯ ಮೇಲೆ ನಾಲ್ಕೇ ಸಾಲಾಗುತ್ತಿತ್ತು. ಆಚೆಗೆ ತೀನ ಹಾಥ ನಾಕಾದ ಕಡೆ ರಸ್ತೆ ಬರಿದಾಗಿದ್ದರೂ ಈಚೆಗೆ ಮೈಲುಗಟ್ಟಲೆ ವಾಹನಗಳು ನಿಲ್ಲುತ್ತಿದ್ದವು. 2023ರಲ್ಲಿ ಅಗಲೀಕರಣ ಮುಗಿದ ಮೇಲೆ ಆ ಪಾಡು ತಪ್ಪಿತು. ನಮ್ಮ ಆಂಬ್ಯುಲೆನ್ಸು ಹೊರಟದ್ದು ಅದಕ್ಕೆ ಆರು ವರ್ಷ ಮೊದಲು, ಸೋಮವಾರದ ಒಂಬತ್ತು ಗಂಟೆಗೆ, ಸುರಿಯುವ ಮಳೆಯಲ್ಲಿ. ಮುಂದೆ ಹೋಗಲು ದಾರಿಯಿಲ್ಲ, ಹಿಂದಿನಿಂದ ಬರುವವರು ನಿಲ್ಲುವುದಿಲ್ಲ. ಎಲ್ಲರೂ ಭೋಂಗಾ ಒತ್ತುವವರೇ. ಅವ್ವನ ಹೊಟ್ಟೆಯೊಳಗೆ ನಡೆದಿದ್ದುದೂ ಇದೇ ಎಂದು ನಮಗೆ ತಿಳಿದದ್ದು ಆ ಮಧ್ಯಾಹ್ನ, ಆಸ್ಪತ್ರೆಯ ಸರ್ಜನರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಾಗ. ಉಬ್ಬಿದ ಕರುಳಿನ ಸುರುಳಿಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದು ನಿಂತಿದ್ದವು. ಪ್ರತಿ ಸುರುಳಿಯಲ್ಲೂ ಕೆಳಗೆ ನೀರು, ಮೇಲೆ ಗಾಳಿ.

ಅವರು ಸಾವಧಾನವಾಗಿ ತಿಳಿಸಿದರು. ಸಣ್ಣ ಕರುಳು ಸುಮಾರು ಇಪ್ಪತ್ತು ಅಡಿ, ದೊಡ್ಡ ಕರುಳು ಸುಮಾರು ಐದು ಅಡಿ. ನಾವು ಉಂಡರೂ ಉಣ್ಣದಿದ್ದರೂ ಜೊಲ್ಲು, ಜಠರರಸ, ಪಿತ್ತ ಮುಂತಾಗಿ ದಿನಕ್ಕೆ ಏಳೆಂಟು ಲೀಟರು ದ್ರವ ಈ ದಾರಿಗೆ ಇಳಿಯುತ್ತದೆ, ಮುಂದೆ ಹೋಗುತ್ತ ಬಹುಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ. ನಡುವೆ ಎಲ್ಲಿಯಾದರೂ ದಾರಿ ಕಟ್ಟಿದರೆ ಮೇಲಿನಿಂದ ಬಂದುದು ಅಲ್ಲಿಯೇ ನಿಲ್ಲುತ್ತದೆ. ಕಟ್ಟನ್ನು ದಾಟಿಸಲು ಕರುಳು ಮೈಯೆಲ್ಲ ಶಕ್ತಿ ಹಾಕಿ ನೂಕುತ್ತದೆ; ಅದೇ ಅಲೆಅಲೆಯಾಗಿ ಬರುವ ಶೂಲೆ. ದಾಟದಿದ್ದರೆ ಹಿಂದಕ್ಕೆ ಬರುತ್ತದೆ, ಅದು ವಾಂತಿ. ನಿಂತುದು ಹಿಗ್ಗಿಸುತ್ತದೆ; ಅದು ಉಬ್ಬರ. ಕೆಳಗೆ ಮಲವಾಗಲಿ ಗಾಳಿಯಾಗಲಿ ಹೋಗುವುದಿಲ್ಲ. ಈ ನಾಲ್ಕೂ ಒಟ್ಟಿಗೇ ಬರಬೇಕೆಂದಿಲ್ಲ. ಕಟ್ಟು ಮೇಲಿದ್ದರೆ ವಾಂತಿ ಮೊದಲು, ಕೆಳಗಿದ್ದರೆ ಉಬ್ಬರ ಮೊದಲು. ಭಾನುವಾರ ಬೆಳಿಗ್ಗೆ ನಮಗೆ ಧೈರ್ಯ ಕೊಟ್ಟಿತ್ತಲ್ಲ, ಅದು ಕಟ್ಟಿನ ಕೆಳಗೆ ಮೊದಲೇ ಇದ್ದ ಮಲ! ಮೇಲೆ ದಾರಿ ಮುಚ್ಚಿದ್ದರೂ ಕೆಳಗಿನದು ಒಂದೆರಡು ಸಲ ಹೋಗಿ ಜನರನ್ನು ಹೀಗೆ ಮೋಸಗೊಳಿಸುತ್ತದೆಯಂತೆ.

ಕಟ್ಟಿದ್ದು ಏನು? ಹಳೆಯ ಗಾಯ. ಹೊಟ್ಟೆಯನ್ನು ಒಮ್ಮೆ ತೆರೆದು ಮುಚ್ಚಿದರೆ ಒಳಗೆ ಮಾಯುವಾಗ ನೂಲಿನಂತೆಯೋ ಪೊರೆಯಂತೆಯೋ ಅಂಟುಗಳು ಬೆಳೆಯುತ್ತವೆ. ಬಹಳ ಮಂದಿಗೆ ಜನ್ಮವಿಡೀ ಅವುಗಳಿಂದ ತೊಂದರೆಯಿಲ್ಲ. ಕೆಲವರಲ್ಲಿ ಒಂದು ದಿನ ಕರುಳಿನ ಸುರುಳಿ ಆ ನೂಲಿನ ಕೆಳಗೆ ನುಸುಳಿಯೋ ಅದರ ಸುತ್ತ ಮಡಚಿಯೋ ಸಿಕ್ಕಿಬೀಳುತ್ತದೆ. ಆ ದಿನ ಶಸ್ತ್ರಕ್ರಿಯೆಯಾದ ತಿಂಗಳಿಗೆ ಬಂದೀತು, ಮೂವತ್ತು ವರ್ಷಕ್ಕೆ ಬಂದೀತು. ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡವರ ಸಣ್ಣ ಕರುಳು ಕಟ್ಟಲು ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಇದರವು. ನಮ್ಮಲ್ಲಿಯೂ ಶಸ್ತ್ರಕ್ರಿಯೆಗಳು ಹೆಚ್ಚಿದಂತೆ ಇದೂ ಹೆಚ್ಚುತ್ತಿದೆ. ಸರ್ಜನರ ಕೈಗವಸಿನ ಪುಡಿ ಕೂಡ ಈ ಅಂಟಿಗೆ ಸಹಾಯ ಮಾಡುತ್ತದೆಂದು ಕಂಡು, ಅಮೆರಿಕದಲ್ಲಿ ಪುಡಿ ಹಚ್ಚಿದ ಕೈಗವಸುಗಳನ್ನು ಆ 2017ರ ಆರಂಭದಿಂದಲೇ ನಿಷೇಧಿಸಿದ್ದರು. ದೊಡ್ಡದಾಗಿ ಸೀಳದೆ ಸಣ್ಣ ರಂಧ್ರಗಳಿಂದ ಮಾಡುವ ದುರ್ಬೀನು ಶಸ್ತ್ರಕ್ರಿಯೆಯಲ್ಲಿ ಅಂಟು ಕಡಿಮೆ. ನಮ್ಮ ದೇಶದಲ್ಲಿ ಪಿತ್ತಕೋಶವನ್ನು ಹಾಗೆ ಮೊದಲು ತೆಗೆದವರು ಡಾ. ತೆಹೆಮ್‌ಟನ್ ಉದ್ವಾಡಿಯಾ, ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ, 1990ರಲ್ಲಿ. ಅವ್ವನ ಶಸ್ತ್ರಕ್ರಿಯೆ ಅದಕ್ಕೆ ಒಂದು ವರ್ಷ ಮೊದಲಿನದು.

ಇಲ್ಲಿ ಒಂದು ಮಾತನ್ನು ನುಂಗಿಕೊಳ್ಳಲು ನಮಗೆ ಆಗದು. ಅವ್ವನ ಗರ್ಭಚೀಲವನ್ನು ಏಕೆ ತೆಗೆದರೆಂದು ಈಗ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಕೈಕಾಲು ನೋಯ್ತಿದ್ದುವು, ತೆಗಸ್ರಿ ಅಂದ್ರು, ತೆಗಸಿದ್ವಿ" ಎನ್ನುತ್ತಾಳೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಅವಶ್ಯಕತೆಯಿಲ್ಲದೆ ತೆಗೆದ ಸುದ್ದಿ 2015ರಲ್ಲಿಯೂ, ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳದು 2019ರಲ್ಲಿಯೂ ಪತ್ರಿಕೆಗಳಲ್ಲಿ ಬಂದು ವಿಚಾರಣೆಗಳಾದವು. ಕಾರಣವಿಲ್ಲದೆ ತೆರೆದ ಒಂದೊಂದು ಹೊಟ್ಟೆಯಲ್ಲೂ ಈ ನೂಲು ಹೆಣೆಯುವ ಸಂಭವವಿದೆ ಎಂಬುದನ್ನು ಆ ತಾಯಂದಿರಿಗೆ ಹೇಳಿದವರು ಯಾರು?

ಅವ್ವನಿಗೆ ಬಾಯಿಯಿಂದ ಒಂದು ಹನಿಯೂ ಕೂಡದೆಂದರು. ಮೂಗಿನಿಂದ ಜಠರಕ್ಕೆ ಒಂದು ನಳಿಗೆ ಇಳಿಸಿ ನಿಂತ ನೀರನ್ನು ಹೊರಗೆಳೆದರು. ರಕ್ತನಾಳಕ್ಕೆ ಲವಣದ ನೀರು ಹಚ್ಚಿದರು. ನೋಡಲು ಬಹಳ ಸಾಧಾರಣವಾದ ಈ ನಳಿಗೆಯ ಉಪಾಯವನ್ನು 1930ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಮಿನೆಸೋಟದ ಸರ್ಜನ ಓವನ್ ವಾಂಗೆನ್‌ಸ್ಟೀನ್. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಅಂಟಿನಿಂದ ಕಟ್ಟಿದ ಕರುಳು ಬಹಳ ಸಲ ಇಷ್ಟರಿಂದಲೇ ಒತ್ತಡ ಇಳಿದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಕತ್ತಿ ಬೇಕಾಗುವುದಿಲ್ಲ. ಸರ್ಜನರು ಕಾದರು. ನಾವೂ ಕಾದೆವು.

ಮಂಗಳವಾರ ರಾತ್ರಿ ನೋವಿನ ಸ್ವಭಾವ ಬದಲಾಯಿತು. ಬಂದುಹೋಗುತ್ತಿದ್ದುದು ಬಂದು ನಿಂತಿತು. ಜ್ವರ ಏರಿತು, ನಾಡಿ ಓಡತೊಡಗಿತು, ಹೊಟ್ಟೆ ಮುಟ್ಟಗೊಡದಂತಾಯಿತು. ಸರ್ಜನರಿಗೆ ಇದೇ ಭಯವಿತ್ತು. ಸಿಕ್ಕಿಬಿದ್ದ ಸುರುಳಿಗೆ ರಕ್ತ ಬರುವ ದಾರಿಯೂ ಹಿಸುಕಿಹೋದರೆ, ಕೆಲವು ತಾಸುಗಳಲ್ಲಿ ಆ ಕರುಳು ಸಾಯುತ್ತದೆ. ಸತ್ತದ್ದು ತೂತಾಗಿ ಹೊಟ್ಟೆಯೆಲ್ಲ ವಿಷವಾಗುತ್ತದೆ. ರಾತ್ರಿ ಎರಡು ಗಂಟೆಗೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಒಳಗೆ ಒಯ್ದರು. ಹೊಲಿಗೆಯ ದಾರದಷ್ಟೇ ದಪ್ಪದ ಒಂದು ಎಳೆ, ಅದರ ಕೆಳಗೆ ತಿರುಚಿದ ಕರುಳು. ಒಂದು ಮೊಳದಷ್ಟು ಕಪ್ಪಾಗಿತ್ತು. ಅದನ್ನು ತೆಗೆದು ಎರಡು ತುದಿಗಳನ್ನು ಕೂಡಿಸಿದರು.

ಬೆಳಗಾದ ಮೇಲೆ ನಾವು ಸರ್ಜನರನ್ನು ಒಂದು ಕಡೆಗೆ ಕರೆದು, ಮನಸ್ಸನ್ನು ಕೊರೆಯುತ್ತಿದ್ದುದನ್ನು ಕೇಳಿದೆವು: ಔಡಲೆಣ್ಣೆ ಕೊಟ್ಟದ್ದರಿಂದ ಹೀಗಾಯಿತೇ? ಅವರು ಸುಳ್ಳು ಸಮಾಧಾನ ಹೇಳಲಿಲ್ಲ. "ಎಣ್ಣೆ ಆ ದಾರವನ್ನು ಕಟ್ಟಲಿಲ್ಲ, ಅದು ಮೊದಲೇ ಇತ್ತು. ಆದರೆ ಮುಚ್ಚಿದ ಸೇತುವೆಯ ಮೇಲೆ ನೀವು ಇನ್ನಷ್ಟು ಗಾಡಿಗಳನ್ನು ನೂಕಿದಿರಿ. ಅದಕ್ಕಿಂತ ಹೆಚ್ಚಾಗಿ, ಎಣ್ಣೆ ಕೆಲಸ ಮಾಡೀತೆಂದು ಒಂದು ದಿನ ಕಾದಿರಿ. ಆ ದಿನ ನಮಗೆ ಬೇಕಾಗಿತ್ತು" ಎಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಅವ್ವನಿಗೆ ಎಚ್ಚರವಾದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕತ್ತರಿಸಿದ್ರು?" "ಒಂದು ಮೊಳ." "ಉಳಿದದ್ದೆಷ್ಟು?" ಇಪ್ಪತ್ತು ಅಡಿಯ ಲೆಕ್ಕ ಹಾಕಿ, ಹನ್ನೆರಡು ಮೊಳ ಎಂದೆವು. "ಹಂಗಾರ ಸಾಕು ಬಿಡು, ಎಪ್ಪತ್ತೆರಡಾತು, ಇನ್ನೆಷ್ಟು ಉಣ್ಣೂದೈತಿ" ಎಂದು ಕಣ್ಣು ಮುಚ್ಚಿದಳು.

ಮುಂದೆ ಹತ್ತು ದಿನ ವಾರ್ಡಿನಲ್ಲಿ ಕುಳಿತ ನಮಗೆ, ಕರುಳು ಕಟ್ಟಲು ಕಾರಣಗಳು ಎಷ್ಟೆಂಬುದರ ಪಾಠ ಒಂದೊಂದು ಮಂಚದಿಂದ ಸಿಕ್ಕಿತು. ಎದುರಿನ ಮುದುಕರು ಹನ್ನೆರಡು ವರ್ಷ ತೊಡೆಸಂದಿಯ ಗಂಟನ್ನು ಧೋತರದೊಳಗೆ ಮುಚ್ಚಿಟ್ಟುಕೊಂಡವರು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ ಬರುತ್ತಿತ್ತು. ಒಂದು ದಿನ ಒಳಗೆ ಹೋಗಲೇ ಇಲ್ಲ. ಹೊಟ್ಟೆಯ ಗೋಡೆಯಲ್ಲಿ ಸಡಿಲವಾದ ಎಡೆಯಿಂದ ಕರುಳು ನುಸುಳಿ ಬರುವುದೇ ಹರ್ನಿಯ. ಎಡೆ ಬಿಗಿದರೆ ಅಲ್ಲಿಯೇ ಉಸಿರು ಕಟ್ಟುತ್ತದೆ. ಗಂಡಸರಲ್ಲಿ ಇದು ಹೆಚ್ಚು. ಆದರೆ ವಯಸ್ಸಾದ ಹೆಂಗಸರ ತೊಡೆಯ ಬುಡದಲ್ಲಿ ಬರುವ ಅಡಿಕೆಯಷ್ಟು ಗಂಟೇ ಬಿಗಿಯುವುದರಲ್ಲಿ ಬಹಳ ಕೆಟ್ಟದ್ದು, ಅದನ್ನೇ ಅವರು ಯಾರಿಗೂ ತೋರಿಸುವುದಿಲ್ಲ. ಇದು ನಮ್ಮ ದೇಶದ ಹೆಂಗಸರ ನಾಚಿಕೆಯಷ್ಟೇ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಎರಡನೆಯ ಜಾರ್ಜನ ರಾಣಿ ಕ್ಯಾರೊಲೈನ್, ಕೊನೆಯ ಹೆರಿಗೆಯ ಕಾಲದಿಂದ ಹೊಕ್ಕುಳಲ್ಲಿ ಇದ್ದ ಹರ್ನಿಯವನ್ನು ವೈದ್ಯರಿಂದಲೂ ಬಚ್ಚಿಟ್ಟು, ಗೊತ್ತಿದ್ದ ಅರಸನ ಬಾಯಿಯನ್ನೂ ಕಟ್ಟಿಹಾಕಿ, 1737ರ ನವೆಂಬರದಲ್ಲಿ ಕರುಳು ಸಿಕ್ಕಿಬಿದ್ದು ತೀರಿಕೊಂಡಳು. ರಾಜವೈದ್ಯರು ಹೊಟ್ಟೆನೋವಿಗೆಂದು ಕೊಟ್ಟ ಕಷಾಯಗಳಿಗೆ ಲೆಕ್ಕವಿರಲಿಲ್ಲ. ಔಡಲೆಣ್ಣೆಯ ನಮ್ಮ ಅಪರಾಧಕ್ಕೆ ಇಷ್ಟು ದೊಡ್ಡವರ ಸಹವಾಸ ಸಿಕ್ಕಿತೆಂದು ನಾವು ಹಿಗ್ಗಬೇಕೋ ಏನೋ.

ಹರ್ನಿಯಕ್ಕೆ ಈಗ ಜಾಲರಿ ಹಚ್ಚಿ ಭದ್ರ ಮಾಡುತ್ತಾರೆ. ಆ ಜಾಲರಿ ದುಬಾರಿಯೆಂದು, ಧುಳೆ ಜಿಲ್ಲೆಯ ದೊಂಡಾಯಿಚಾದ ಸರ್ಜನ ಡಾ. ರವೀಂದ್ರನಾಥ ಟೋಂಗಾವಕರರು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಿಗೊಳಿಸಿ ಹಚ್ಚಿ ನೋಡಿದರು. ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆ ಬಡದೇಶಗಳ ವೈದ್ಯರೂ ಆ ದಾರಿಯನ್ನು ಹಿಡಿದರು. ಹಣವಿಲ್ಲವೆಂದು ಗಂಟನ್ನು ಮುಚ್ಚಿಡಬೇಕಾದ ಕಾಲ ಇದಲ್ಲ.

ಮೂಲೆಯ ಮಂಚದಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನಿದ್ದ. ಹೋಟೆಲಿನಲ್ಲಿ ಕೆಲಸ, ಇಪ್ಪತ್ತಮೂರು ವರ್ಷ. ಕನ್ನಡದ ಧ್ವನಿ ಕೇಳಿದ್ದೇ ತಡ, ತಾನಾಗಿ ಹತ್ತಿರ ಬಂದ. ಏಳೆಂಟು ತಿಂಗಳಿಂದ ಊಟವಾದ ಮೇಲೆ ಹೊಟ್ಟೆಯಲ್ಲಿ ಗುಡುಗುಡು ಸದ್ದು, ಬಲಗಡೆ ಒಂದು ಉಂಡೆ ಎದ್ದು ಓಡಾಡಿ ಮಾಯವಾಗುವುದು, ಸಂಜೆಗೆ ಸಣ್ಣ ಜ್ವರ. ಹತ್ತು ಕಿಲೋ ಇಳಿದಿದ್ದ. ಔಷಧದಂಗಡಿಯ ಅಸಿಡಿಟಿ ಮಾತ್ರೆಗಳ ಮೇಲೆ ಕಾಲ ಕಳೆದಿದ್ದ. ಅದು ಕರುಳಿನ ಕ್ಷಯ. ಕ್ಷಯವೆಂದರೆ ಕೆಮ್ಮು ಎಂದಷ್ಟೇ ನಾವು ತಿಳಿದಿದ್ದೆವು. ಕೆಮ್ಮಿಲ್ಲದೆಯೂ ಅದು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಎಡೆಯಲ್ಲಿ ಮನೆಮಾಡಿ, ಹುಣ್ಣಾಗಿ, ಹುಣ್ಣು ಮಾಯುವಾಗ ದಾರಿಯನ್ನು ಉಂಗುರದಂತೆ ಬಿಗಿಯುತ್ತದೆ. ಕ್ಷಯದ ಕಫವನ್ನು ನುಂಗಿದರೂ ಬಂದೀತು, ಕಾಯಿಸದ ಹಾಲಿನಿಂದಲೂ ಬಂದೀತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರೇ ಆದ್ದರಿಂದ, ಪರದೇಶದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಕಾರಣ ನಮ್ಮ ವಾರ್ಡುಗಳಲ್ಲಿ ಒಂದು ಮಂಚವನ್ನು ಹಿಡಿದೇ ಇರುತ್ತದೆ. ಆರು ತಿಂಗಳ ಮಾತ್ರೆ. ಸರಕಾರದಿಂದ ಧರ್ಮಾರ್ಥ ಸಿಗುತ್ತದೆ. ಹುಡುಗನಿಗೆ ಬಿಗಿದ ಕಡೆಯಲ್ಲಿ ಕರುಳನ್ನು ಅಗಲ ಮಾಡಬೇಕಾಯಿತು. ಊರಿಗೆ ಸುದ್ದಿ ತಿಳಿಸಬೇಡಿರೆಂದು ನಮ್ಮ ಕೈ ಹಿಡಿದುಕೊಂಡ. ನಾವು ತಿಳಿಸಲಿಲ್ಲ, ಅದು ಸರಿಯಾಯಿತೋ ತಪ್ಪಾಯಿತೋ ಇಂದಿಗೂ ಗೊತ್ತಿಲ್ಲ.

ದೊಡ್ಡ ಕರುಳು ಕಟ್ಟಿದರೆ ದೊಡ್ಡವರಲ್ಲಿ ವೈದ್ಯರು ಮೊದಲು ನೆನೆಯುವುದು ಅರ್ಬುದವನ್ನು, ಅಂದರೆ ಕ್ಯಾನ್ಸರನ್ನು. ಎಡಭಾಗದ ಕರುಳು ಇಕ್ಕಟ್ಟು, ಅಲ್ಲಿಗೆ ಬರುವ ಹೊತ್ತಿಗೆ ಮಲ ಗಟ್ಟಿ. ಆದ್ದರಿಂದ ಅಲ್ಲಿ ಬೆಳೆದದ್ದು ಬೇಗ ದಾರಿ ಮುಚ್ಚುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ಮಲಬದ್ಧತೆ, ಅಥವಾ ಒಮ್ಮೆ ಅದು ಒಮ್ಮೆ ಭೇದಿ, ಜೊತೆಗೆ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ಹೆಸರಿಟ್ಟುಕೊಂಡು ಕೂಡ್ರಬಾರದು. ನಮ್ಮ ಪಕ್ಕದ ಮಂಚದ ನಿವೃತ್ತ ಮಾಸ್ತರರು ಹಾಗೆ ಕುಳಿತವರು. ಅವರ ಕಥೆಯನ್ನು ಇಲ್ಲಿಗೇ ಬಿಡುತ್ತೇವೆ.

ಇನ್ನುಳಿದವು ಅಪರೂಪದವು. ದೊಡ್ಡ ಕರುಳಿನ ಕೊನೆಯ ಸುರುಳಿ ತನ್ನ ಬುಡದ ಮೇಲೆ ತಾನೇ ತಿರುಚಿಕೊಳ್ಳುವುದುಂಟು. ನಾರಿನ ಊಟ ಮಾಡುವ ನಮ್ಮಂಥ ದೇಶಗಳಲ್ಲಿ ಇದು ಯೂರೋಪಿಗಿಂತ ಹೆಚ್ಚು. ಕರುಳಿನೊಳಗೆ ಕರುಳು ದುರ್ಬೀನಿನ ಕೊಳವೆಯಂತೆ ಸೇರಿಕೊಳ್ಳುವುದುಂಟು; ಮಕ್ಕಳಲ್ಲಿ ಸುಮ್ಮಸುಮ್ಮನೆ ಆಗುವ ಇದು ದೊಡ್ಡವರಲ್ಲಿ ಆದರೆ ಒಳಗೆ ಗಂಟೇನಾದರೂ ಇದೆಯೇ ಎಂದು ಹುಡುಕುತ್ತಾರೆ. ಪಿತ್ತಕೋಶದ ಕಲ್ಲು ಕರುಳಿಗೆ ಇಳಿದು ಸಿಕ್ಕಿಕೊಂಡದ್ದುಂಟು. ಹಲ್ಲಿಲ್ಲದ ಹಿರಿಯರು, ಅದರಲ್ಲಿಯೂ ಜಠರದ ಶಸ್ತ್ರಕ್ರಿಯೆ ಆದವರು, ಕಿತ್ತಳೆಯ ತೊಳೆಯನ್ನು ಅಗಿಯದೆ ನುಂಗಿದರೆ ಅದರ ನಾರು ಮುದ್ದೆಯಾಗಿ ನಿಲ್ಲಬಹುದು. ಏನೂ ಅಡ್ಡವಿಲ್ಲದೆ ಕರುಳೇ ಸ್ತಬ್ಧವಾಗುವುದೂ ಇದೆ: ಶಸ್ತ್ರಕ್ರಿಯೆಯ ಮರುದಿನ, ಇಲ್ಲವೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ, ಇಲ್ಲವೆ ಅಫೀಮಿನ ಜಾತಿಯ ನೋವಿನ ಔಷಧಗಳಿಂದ.

ಊಟದಲ್ಲಿ ಕೂದಲು ಬಂದರೆ ಹೊಟ್ಟೆಯಲ್ಲಿ ಸುತ್ತಿಕೊಳ್ಳುತ್ತದೆಂದು ನಮ್ಮ ಅಜ್ಜಿ ಹೆದರಿಸುತ್ತಿದ್ದಳು. ಅದನ್ನು ಅಡುಗೆಮನೆಯ ಮೂಢನಂಬಿಕೆಯೆಂದು ನಕ್ಕಿದ್ದೆವು. ಚರಕ ಸುಶ್ರುತರು ಬದ್ಧಗುದೋದರ ಎಂದು ಕರೆದ ರೋಗಕ್ಕೆ ಅನ್ನದೊಡನೆ ಹೊಟ್ಟೆ ಸೇರಿದ ಕೂದಲನ್ನು ಕಾರಣವಾಗಿ ಹೇಳಿದ್ದಾರೆಂದು ಆಮೇಲೆ ತಿಳಿಯಿತು. ಸಾರಿನೊಳಗಿನ ಒಂದು ಕೂದಲಿನಿಂದ ಯಾರ ಕರುಳೂ ಕಟ್ಟುವುದಿಲ್ಲ. ಆದರೆ ತಮ್ಮ ಕೂದಲನ್ನು ತಾವೇ ಕಿತ್ತು ತಿನ್ನುವ ಮನೋರೋಗವಿರುವ ಹುಡುಗಿಯರ ಜಠರದಿಂದ ಜಡೆಯಂಥ ಉಂಡೆಗಳನ್ನು ಇಂದಿಗೂ ತೆಗೆಯುತ್ತಾರೆ. ಹೊಕ್ಕುಳ ಕೆಳಗೆ ಎಡಕ್ಕೆ ನಾಲ್ಕು ಬೆರಳು ಬಿಟ್ಟು ಸೀಳಿ, ಕರುಳನ್ನು ಹೊರಗೆ ತೆಗೆದು ನೋಡಿ, ಅಡ್ಡವಾಗಿದ್ದ ಕಲ್ಲನ್ನೋ ಕೂದಲನ್ನೋ ತೆಗೆದು, ಜೇನು ತುಪ್ಪ ಸವರಿ ಒಳಗಿಟ್ಟು ಹೊಲಿಯಬೇಕೆಂದು ಸುಶ್ರುತ ಬರೆದಿದ್ದಾನೆ. ಕರುಳು ತೂತಾಗಿದ್ದರೆ ಕರಿಯ ಇರುವೆಗಳಿಂದ ಕಚ್ಚಿಸಿ ಮುಚ್ಚುವ ವಿಧಾನವನ್ನೂ ಹೇಳಿದ್ದಾನೆ. ಮಂಪರು ಕೊಡುವ ಔಷಧವಿಲ್ಲದ ಆ ಕಾಲದ ರೋಗಿಯನ್ನು ನೆನೆದು, ನಾವು ಅವ್ವನ ಕೈಗೆ ಚುಚ್ಚಿದ ಸೂಜಿಗೆ ನಮಸ್ಕಾರ ಮಾಡಿದೆವು.

ಅವ್ವ ಈಗ ಎಂಬತ್ತರ ಹೊಸ್ತಿಲು ದಾಟಿದ್ದಾಳೆ. ಔಡಲೆಣ್ಣೆಯ ಶೀಸೆ ಕಪಾಟಿನಿಂದ ದೇವರ ಕೋಣೆಗೆ ಹೋಗಿ, ದೀಪಕ್ಕೆ ಉರಿದು ಮುಗಿಯಿತು. ಆಕೆಯ ಆಸ್ಪತ್ರೆಯ ಚೀಟಿಯನ್ನು, ಮೇಲೆ ಎರಡೂ ಶಸ್ತ್ರಕ್ರಿಯೆಗಳ ವರ್ಷವನ್ನು ದೊಡ್ಡಕ್ಷರದಲ್ಲಿ ಬರೆದು, ರೇಶನ್ ಕಾರ್ಡಿನ ಜೊತೆ ಇಟ್ಟಿದ್ದೇವೆ. ಅಂಟಿಗಾಗಿ ಮಾಡಿದ ಶಸ್ತ್ರಕ್ರಿಯೆಯಿಂದಲೂ ಹೊಸ ಅಂಟು ಬೆಳೆದೀತು ಎಂದು ಸರ್ಜನರು ಬಿಡುವಾಗಲೇ ಎಚ್ಚರಿಸಿದ್ದರು. ಎರಡು ಸಲ ಸಣ್ಣಗೆ ನೋವು ಬಂದಿತ್ತು. ಎರಡು ಸಲವೂ ಆ ತಾಸಿಗೇ ಹೊರಟೆವು, ನಳಿಗೆಯಿಂದಲೇ ಬಿಚ್ಚಿತು.

ನಾಚಿಕೆಯೂ ಆಕೆಯನ್ನು ಪೂರ್ತಿ ಬಿಟ್ಟುಹೋಯಿತು. ಕಳೆದ ದೀಪಾವಳಿಗೆ ನಮ್ಮ ಸಂಘದ ಹಿರಿಯರೊಬ್ಬರು ಫರಾಳಕ್ಕೆ ಬಂದು, ಚಕ್ಕುಲಿ ಬೇಡ, ಹೊಟ್ಟೆ ಯಾಕೋ ಸರಿಯಿಲ್ಲ ಎಂದರು. ಅವ್ವ ಒಳಗಿನ ಕೋಣೆಯಿಂದಲೇ ಎಲ್ಲರಿಗೂ ಕೇಳುವಂತೆ, "ತಮ್ಮಾ, ಗಾಳಿ ಸರದೈತೇನು?" ಎಂದಳು. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಆಲೋಚಿಸಿ, "ಸರದೈತ್ರಿ ಕಾಕು" ಎಂದರು. "ಹಂಗಾರ ಒಂದು ಚಕ್ಕುಲಿ ತಿನ್ನು" ಎಂದು ಅವ್ವ ತಾಟು ಕಳಿಸಿದಳು.